ಕಡಲ ಪಕ್ಕ ಹುಳುಮನೆಯ ಸದ್ದು

ಪಾಂಡಿಚೇರಿ, ಭಾನುವಾರ

ಸೊಸೆ ಪ್ರಮೀಳಾಗೆ ಅತ್ತೆಯ ಆಶೀರ್ವಾದ.

ನಿನ್ನ ನಾದಿನಿ ಕವಿತ ಫ್ರೆಂಚರ ಕಾಲದ ಬೀದಿಗಳನ್ನೆಲ್ಲ ತೋರಿಸಿದಳು. ಮಧ್ಯಾಹ್ನ ರೂಮಿನಲ್ಲಿ ಕಣ್ಣು ಮುಚ್ಚಿದರೆ, ಅಲೆಯ ಸದ್ದು ನಮ್ಮ ರೇಷ್ಮೆಹುಳು ಸೊಪ್ಪು ಮೇಯುವ ಹಾಗೆಯೇ ಕೇಳಿತು. ಸದ್ದು ತಗ್ಗಿದಾಗ ಸೊಪ್ಪು ಮುಗಿಯಿತೆಂದು ಎದ್ದು ಬುಟ್ಟಿ ಹುಡುಕಿದೆ. "ಅಮ್ಮಾ, ಅದು ಸಮುದ್ರ ಕಣಮ್ಮ" ಎಂದು ಕವಿತ ನಕ್ಕಳು. ನನಗೆ ನಗು ಬರಲಿಲ್ಲ. ಮೂವತ್ತು ವರ್ಷದಲ್ಲಿ ಹುಳು ಬಿಟ್ಟು ಬಂದದ್ದು ಇದೇ ಮೊದಲು.

ಮಂಡಿನೋವು ಕಡಿಮೆಯಾಗಿದೆ. ಇಲ್ಲಿ ಚಳಿಯಿಲ್ಲ. ಅಲ್ಲಿ ಹುಳುಮನೆಯ ಕಾವು ಆರದಂತೆ ನೀನು ನೋಡಿಕೊಳ್ಳುತ್ತೀಯ, ಗೊತ್ತು. ಸೊಪ್ಪು ಹಾಕುವುದರಲ್ಲಿ ನಿನ್ನ ಕೈ ನನಗಿಂತ ಹಗುರ. ಫೋನಿನಲ್ಲಿ ಇದನ್ನು ಹೇಳಲಾಗಲಿಲ್ಲ. ಕಾರ್ಡು ನಾನು ಬಂದ ಮೇಲೆ ತಲುಪಬಹುದು. ಓದಿ ಇಟ್ಟುಕೋ, ನನ್ನ ಮುಂದೆ ಮಾತೆತ್ತಬೇಡ.

ಅತ್ತೆ, ಲಕ್ಷ್ಮೀದೇವಮ್ಮ