ಎಡಗೈಗೆ ಎರಡು ಹಲಗೆ

ಹೊಸನಗರ,
೨೦ ನವೆಂಬರ್ ೧೯೬೭, ಸೋಮವಾರ

ಪ್ರೀತಿಯ ದೇವಣ್ಣಾ,

ನಿನ್ನ ಎಡಗೈಗೆ ಈ ಮನೆಯಲ್ಲಿ ಇಪ್ಪತ್ತು ವರ್ಷ ಅನ್ಯಾಯವಾಗಿದೆ. ಮಾಡಿದವರಲ್ಲಿ ನಾನೂ ಒಬ್ಬಳು. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಟ್ಟೆ, ಇಲ್ಲದಿದ್ದರೆ ಕ್ಷೇಮ ಸಮಾಚಾರ ಬರೆಯುತ್ತ ಬರೆಯುತ್ತ ನನ್ನ ಧೈರ್ಯ ಸೋರಿಹೋಗುತ್ತಿತ್ತು. ಈಗ ಕೇಳುತ್ತೇನೆ: ಹೇಗಿದ್ದೀಯ? ಬೆಳಗಾವಿಯ ಚಳಿಗೆ ಕೆಮ್ಮು ಮರುಕಳಿಸಿಲ್ಲ ತಾನೆ? ಅಂಗೈಯ ಬೊಕ್ಕೆ ಒಣಗಿತೆ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಪ್ಪನ ಮೊಣಕಾಲು ನೋವು ಅಂಗಡಿಗೆ ಗಿರಾಕಿ ಬಂದರೆ ಮಾಯ, ನಾನು ಯಾವುದಾದರೂ ಸಭೆಗೆ ಹೊರಟರೆ ಹಾಜರು. ಅಮ್ಮ ನೀನು ರಜೆಗೆ ಬರುವ ದಿನಕ್ಕೆ ಈಗಲೇ ಹಪ್ಪಳ ಒತ್ತುತ್ತಿದ್ದಾಳೆ. ನಾನು ತೀರ್ಥಹಳ್ಳಿಯ ಮಾವನ ಮನೆಗೆ ಹೋದವಳು ಅಲ್ಲಿಂದ ಏಳು ಪುಸ್ತಿಕೆ ತಂದೆ. ಅದರಲ್ಲೊಂದು ನಿಶ್ಶಸ್ತ್ರೀಕರಣದ ಮೇಲೆ. ಜಗತ್ತಿನ ಬಂದೂಕುಗಳನ್ನೆಲ್ಲ ಕರಗಿಸಿ ಪಂಪ್‌ಸೆಟ್ ಮಾಡಬೇಕೆಂದು ಅದನ್ನು ಓದಿ ನಿರ್ಧರಿಸಿದ್ದೇನೆ. ನಿನ್ನದನ್ನು ಮಾತ್ರ ಕೊನೆಗೆ ಕರಗಿಸಿದರೆ ಆಯಿತು, ಹೇಗೂ ಅದು ಕಾಗದದ ಗುರಿಗಷ್ಟೇ ಹೊಡೆಯುವ ಪಿಸ್ತೂಲು.

ಆ ಪಿಸ್ತೂಲಿನ ವಿಷಯಕ್ಕೇ ಬರುತ್ತೇನೆ. ಪಂದ್ಯದ ಪಿಸ್ತೂಲಿನ ಹಿಡಿಯ ಹಲಗೆ ಸೀಳಿದೆ, ಹೊಸದನ್ನು ಮಾಡಿಸಿಕೊಳ್ಳಲು ಪಲ್ಟನ್ನಿನ ಸಾಹೇಬರು ಒಪ್ಪಿದ್ದಾರೆ ಎಂದು ನೀನು ಬರೆದದ್ದೇ ತಡ, ಅಪ್ಪ ಎದ್ದು ನಿಂತರು. ‘ಸಾಗರದಲ್ಲಿ ಮರ ಕೆತ್ತೋ ಗುಡಿಗಾರರು ಇರೋವಾಗ ಅಲ್ಲೆಲ್ಲೋ ಯಾಕೆ?’ ಎಂದು ನಿನ್ನ ಕೈಯ ಅಳತೆ ಕಳಿಸಲು ಕಾಗದ ಬರೆದರು. ನೀನು ಮುರಿದ ಹಲಗೆಯ ಜೊತೆಗೆ ಅಳತೆಯನ್ನೂ ಕಳಿಸಿದೆ. ಹಾಳೆಯ ಮೇಲೆ ಪೆನ್ಸಿಲಿನಿಂದ ಎಳೆದ ಬಲಗೈ! ಅಣ್ಣಾ, ನನಗೆ ಬೇರೆಯಾಗಿ ಬರೆದ ಕಾಗದದಲ್ಲಿ ಏನು ಬರೆದಿದ್ದೆ ಎಂಬುದು ಮರೆತುಹೋಯಿತೆ? ನೀನು ಎಡಗೈಯಲ್ಲಿ ಹೊಡೆಯುತ್ತೀಯ, ಹಲಗೆಗಳು ಮಾತ್ರ ಬಲಗೈಯವರಿಗೆಂದು ಮಾಡಿದವು, ಹೆಬ್ಬೆರಳು ಕೂರಬೇಕಾದ ಮೆಟ್ಟಿಲು ನಿನ್ನ ಅಂಗೈಗೆ ಒತ್ತಿ ಬೊಕ್ಕೆ ಎದ್ದು, ಕಳೆದ ಪಂದ್ಯದ ಕೊನೆಯ ಐದು ಗುಂಡು ಹಾಳಾದವು, ಜನವರಿಯಲ್ಲೂ ಹೀಗೇ ಆದರೆ ತಂಡದಿಂದ ತೆಗೆಯುತ್ತಾರೆ ಎಂದು. ಹೀಗಿದ್ದೂ ಅಪ್ಪನಿಗೆ ಗೊತ್ತಾದೀತೆಂದು ಬಲಗೈ ಕಳಿಸಿದೆ. ಪಲ್ಟನ್ನಿನಲ್ಲಿರುವವನಿಗೆ ಇಷ್ಟು ಹೆದರಿಕೆಯೆ! ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಕೊನೆಗೆ ಎರಡನ್ನೂ ಮಾಡಿದೆ.

ಸಿಟ್ಟಾಗುವ ಹಕ್ಕು ನನಗೇನೂ ಇಲ್ಲ. ಊಟದ ಹೊತ್ತಿಗೆ ಅಮ್ಮ ನಿನ್ನ ಎಡಗೈಯನ್ನು ರವಿಕೆ ಬಟ್ಟೆಯ ತುಂಡಿನಿಂದ ಸೊಂಟಕ್ಕೆ ಕಟ್ಟುತ್ತಿದ್ದಳಲ್ಲ, ಅದು ಬಿಚ್ಚಿಕೊಂಡ ಕೂಡಲೇ ‘ಅಮ್ಮಾ, ಅಣ್ಣ ಎಡಗೈ!’ ಎಂದು ಕೂಗುತ್ತಿದ್ದವಳು ನಾನೇ. ಪ್ರತಿ ಚಾಡಿಗೂ ಒಂದು ಚೂರು ಬೆಲ್ಲ. ನಾನು ಆ ಕಾಲದಲ್ಲಿ ತಿಂದ ಬೆಲ್ಲವೆಲ್ಲ ನಿನ್ನ ಎಡಗೈಯದು. ಒಂದೇ ಮೈಯ ಎರಡು ಕೈಗಳಿಗೆ ಸಮಾನತೆ ಕೊಡದ ನಾವು ಊರಿನ ಎರಡು ಕೇರಿಗಳಿಗೆ ಕೊಡುತ್ತೇವೆಯೆ? ಇದು ಯಾವ ಪುಸ್ತಿಕೆಯಲ್ಲೂ ಇಲ್ಲ, ನಾನೇ ಯೋಚಿಸಿದ್ದು. ಮುಂದಿನ ಸಭೆಯಲ್ಲಿ ಹೇಳುವವಳಿದ್ದೇನೆ.

ಹೋದ ಸೋಮವಾರ ಅಪ್ಪನೂ ನಾನೂ ಸಾಗರಕ್ಕೆ ಹೋದೆವು. ವೆಂಕಟ್ರಮಣ ಗುಡಿಗಾರರ ಜಗಲಿಯ ತುಂಬ ಅರ್ಧ ಕೆತ್ತಿದ ಆನೆಗಳು. ನಿನ್ನ ಮುರಿದ ಹಲಗೆಯನ್ನು ಅವರು ಮೂಗಿನ ಹತ್ತಿರ ಹಿಡಿದು ನೋಡಿದರು. ಹಿಡಿಯ ಒಳಗೆ ಗುಂಡಿನ ಪೆಟ್ಟಿಗೆ ಹೋಗುತ್ತದೆ, ಒಂದು ಗುಂಡು ಹಾರಿದರೆ ಇನ್ನೊಂದು ತಾನಾಗಿ ಮೇಲೆ ಬರುತ್ತದೆ, ಅದಕ್ಕೇ ಹಿಡಿ ಇಡಿಯಾಗಿರದೆ ಎರಡು ಪಕ್ಕಕ್ಕೆ ಎರಡು ಹಲಗೆ ಎಂದು ನೀನು ಬರೆದಿದ್ದನ್ನೆಲ್ಲ ಓದಿ ಹೇಳಿದೆ. ‘ಹಂಗಾರೆ ಇದು ಪೆಟ್ಟಿಗೆಗೆ ಬಾಗಿಲು ಕೂರಿಸೋ ಕೆಲಸ. ಮಾಡ್ಬಹುದು’ ಎಂದರು. ಆಮೇಲೆ ಯಾವುದರಲ್ಲಿ ಎಂಬ ಪ್ರಶ್ನೆ. ಅಪ್ಪನಿಗೆ ಶ್ರೀಗಂಧವೇ ಆಗಬೇಕು, ಅದರ ಮೇಲೆ ತಾವರೆ ಇರಬೇಕು. ‘ತಾವರೆ ಗೋಡೆ ಮೇಲಿದ್ರೆ ಚೆಂದ ಶೆಟ್ರೆ, ಅಂಗೈಗೆ ಚುಚ್ತದೆ. ಗಂಧ ನುಣುಪು, ಬೆವರಿಗೆ ಜಾರ್ತದೆ. ಕಡವೆ ಕೊಂಬು ಹಾಕಿದ್ರೆ ಹಿಡಿತ ಗಟ್ಟಿ’ ಎಂದರು ಗುಡಿಗಾರರು. ಅಪ್ಪ ಎರಡೂ ಕಿವಿ ಮುಚ್ಚಿಕೊಂಡರು. ‘ಕೊಂಬು ಬ್ಯಾಡ ಮಾರಾಯಾ, ನಾವು ಜೈನರು. ಅದು ಹಿಂಸೆ.’ ಗುಡಿಗಾರರ ಕೈಯಿಂದ ಉಳಿಯೇ ಜಾರಿ ಬಿತ್ತು. ‘ಪಿಸ್ತೂಲು ಹಿಂಸೆ ಅಲ್ಲ, ಅದಕ್ಕೆ ಹಾಕೋ ಕೊಂಬು ಹಿಂಸೆಯಾ ಶೆಟ್ರೆ?’ ‘ಅದು ಬರೀ ಕಾಗದಕ್ಕೆ ಹೊಡೆಯೋದು!’ ಎಂದು ಅಪ್ಪ. ನಾನು ಆನೆಯೊಂದರ ಹಿಂದೆ ಮುಖ ಮರೆಸಿಕೊಂಡು ನಕ್ಕೆ. ಕೊನೆಗೆ ಹಳೆಯ ಬೀಟೆ ಮರ ಸಿಕ್ಕಿದರೆ ಅದೇ ಸರಿ, ಹೂವಿನ ಬದಲು ಸಣ್ಣ ಗೀರುಗಳು ಸಾಕು ಎಂದು ಮೂವರೂ ಒಪ್ಪಿದೆವು.

ಆಗ ಗುಡಿಗಾರರು ನಿನ್ನ ಹಾಳೆಯನ್ನು ಬೆಳಕಿಗೆ ಹಿಡಿದರು. ‘ಇದನ್ನ ಎಳೆದೋರು ಯಾರು?’ ‘ಮಗನೇ.’ ‘ಬಲಗೈ ಹಾಳೆ ಮೇಲೆ ಮಲಗಿತ್ತು. ಹಂಗಾರೆ ಪೆನ್ಸಿಲು ಯಾವ ಕೈಲಿತ್ತು?’ ಅಪ್ಪ, ‘ಯಾರೋ ಜೊತೆಯವ್ರು ಎಳೆದು ಕೊಟ್ಟಿರ್ತಾರೆ’ ಎಂದರು. ‘ಇಲ್ಲ. ಬೇರೆಯವ್ರು ಎಳೆದ್ರೆ ಗೆರೆ ಸುತ್ತಲೂ ಒಂದೇ ಥರ ಬರ್ತದೆ. ಇಲ್ಲಿ ಮಣಿಕಟ್ಟಿನ ಹತ್ರ ಒಳಗೆ ವಾಲಿದೆ ನೋಡಿ, ಸ್ವಂತ ಕೈಗೆ ಸ್ವಂತ ಕೈ ಅಡ್ಡ ಬಂದಿದ್ದು ಇದು. ಆದ್ರೂ ಒಂದು ಕಡೆನೂ ನಡುಗಿಲ್ಲ. ನಲವತ್ತು ವರ್ಷದಿಂದ ಗೆರೆ ಎಳೀತಿದೀನಿ. ನಿಮ್ಮ ಮಗ ಅಪ್ಪಟ ಎಡಚ.’ ‘ನಮ್ಮ ಮನೆತನದಲ್ಲಿ ಎಡಚರಿಲ್ಲ’ ಎಂದು ಅಪ್ಪ, ಈ ಸೀರೆ ಬಣ್ಣ ಬಿಡುವುದಿಲ್ಲ ಎಂದು ಗಿರಾಕಿಗೆ ಹೇಳುವ ದನಿಯಲ್ಲೇ ಹೇಳಿದರು. ಹೇಳಿ ನನ್ನ ಕಡೆ ತಿರುಗಿದರು. ಗುಡಿಗಾರರೂ ತಿರುಗಿದರು. ನನ್ನ ಬಾಯಲ್ಲಿ ಆ ಹಳೆಯ ಬೆಲ್ಲದ ರುಚಿ ಬಂದಂತಾಯಿತು. ‘ಹೌದಪ್ಪ. ಅಣ್ಣ ಎಡಚ. ಊಟ ಒಂದು ಬಿಟ್ಟು ಎಲ್ಲಾನೂ ಎಡಗೈಲೇ ಮಾಡ್ತಾನೆ. ಗುರಿ ಇಡೋದೂ’ ಎಂದುಬಿಟ್ಟೆ. ಮತ್ತೆ ಚಾಡಿಯೇ, ಅಣ್ಣಾ. ಆದರೆ ಈ ಸಲ ನಿನ್ನ ಪರವಾಗಿ.

ಬಸ್ಸು ಬಟ್ಟೆಮಲ್ಲಪ್ಪ ಊರು ದಾಟಿದ ಮೇಲೆ ಅಪ್ಪ, ಕಿಟಕಿಯ ಕಡೆ ನೋಡುತ್ತಲೇ, ‘ಮಿಲಿಟರಿಯವ್ರು ಏನೂ ಅನ್ನೂದಿಲ್ವಾ?’ ಎಂದರು. ಗುರಿ ಮುಟ್ಟಿದರೆ ಸಾಕಂತೆ ಎಂದೆ. ‘ಆಹಾ, ನೀನೇ ಹೋಗಿ ನೋಡ್ಕಂಡು ಬಂದವಳ ಹಾಗೆ!’ ಎಂದು ಗದರಿದರು. ಅಷ್ಟು ಗದರಿದ ಮೇಲೆ ನನಗೆ ಜೀವ ಬಂತು. ಅವರು ಸುಮ್ಮನಿದ್ದರೇ ಭಯ.

ಮನೆಯಲ್ಲಿ ಅಮ್ಮನಿಗೆ ಈ ಸುದ್ದಿಯನ್ನು ಅವರು ಕಳ್ಳತನವಾದಂತೆ ಹೇಳಿದರು. ಅಮ್ಮ ಹಪ್ಪಳ ಒತ್ತುತ್ತಲೇ ಇದ್ದಳು. ಮರುದಿನ ನೋಡಿದರೆ ಅಟ್ಟದಿಂದ ನಿನ್ನ ಬೀಟೆ ಮಣೆಯನ್ನು ತಾನೇ ಇಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸುತ್ತ ಕೂತಿದ್ದಾಳೆ. ಮೂಲೆ ಸೀಳಿತೆಂದು ಮೇಲೆ ಹಾಕಿದ್ದೆವಲ್ಲ, ಅದೇ, ನೀನು ಊಟಕ್ಕೆ ಕೂರುತ್ತಿದ್ದ ಮಣೆ. ‘ಇದ್ರಲ್ಲಿ ಆಗ್ತದಾ ಕೇಳು’ ಎಂದಳು. ಅಮ್ಮಾ, ನೀನು ಅವನ ಕೈ ಕಟ್ಟಿ ಕೂರಿಸ್ತಿದ್ದದ್ದು ಇದರ ಮೇಲೇ ಅಲ್ವಾ ಎಂದು ನಾನು ಸ್ವಲ್ಪ ಕಟುವಾಗಿಯೇ ಕೇಳಿದೆ. ‘ಗೊತ್ತು ಮಾರಾಯ್ತಿ. ಅದಕ್ಕೇ ಕೊಟ್ಟದ್ದು’ ಎಂದಳು. ನಾನೂ ಒಂದು ಬಟ್ಟೆ ತಂದು ಮಣೆಯ ಇನ್ನೊಂದು ತುದಿ ಒರೆಸತೊಡಗಿದೆ.

ಶುಕ್ರವಾರ ಮಣೆಯನ್ನು ಚೀಲದಲ್ಲಿ ಹಾಕಿಕೊಂಡು ಒಬ್ಬಳೇ ಸಾಗರಕ್ಕೆ ಹೋಗಿ ಬಂದೆ. ಗುಡಿಗಾರರು ಬೆರಳಿನಿಂದ ತಟ್ಟಿ, ‘ಇಷ್ಟು ವರ್ಷ ತುಪ್ಪ, ಸಾರು ಕುಡಿದ ಮರ. ಇದಕ್ಕೆ ಬೇರೆ ಎಣ್ಣೆ ಬ್ಯಾಡ’ ಎಂದು ನಕ್ಕರು. ಸೀಳು ಬಿಟ್ಟು ಉಳಿದ ಭಾಗದಲ್ಲಿ ಒಂದೇ ಒಂದು ಜೋಡಿ ಹಲಗೆ ಆಗುತ್ತದಂತೆ. ಪಿಸ್ತೂಲು ಸರ್ಕಾರದ್ದು, ನೀನು ತರುವ ಹಾಗಿಲ್ಲ ಎಂದಿದ್ದೆಯಲ್ಲ, ಅದಕ್ಕೆ ಮುರಿದ ಹಲಗೆಯ ಅಳತೆ ಹಿಡಿದು, ನೀನು ಕೈಯಲ್ಲಿ ಹಿಡಿದು ನೋಡಲೆಂದು, ಹಲಸಿನ ಮರದಲ್ಲಿ ಒಂದು ಸುಳ್ಳು ಪಿಸ್ತೂಲು ಮಾಡಿಟ್ಟಿದ್ದಾರೆ. ಆನೆಗಳ ನಡುವೆ ಅದನ್ನು ನೋಡಿದರೆ ಅವು ಬೇಟೆಗೆ ಹೊರಟಂತಿದೆ.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ, ಜೊತೆಗೆ ಹಪ್ಪಳದ ಲೆಕ್ಕವನ್ನೂ. ಅಪ್ಪನ ಆಶೀರ್ವಾದ ಯಾವಾಗಲೂ ಇದ್ದದ್ದೇ. ನಿನ್ನ ಎರಡೂ ಕೈಗಳಿಗೆ ನನ್ನ ನಮಸ್ಕಾರ, ಎಡಗೈಗೆ ಒಂದು ಹೆಚ್ಚು.

ನಿನ್ನ ತಂಗಿ,
ವಿಜಯಲಕ್ಷ್ಮೀ

ಮ. ವಿ.: ಟಪಾಲು ಹೊರಡುವ ಹೊತ್ತಾಯಿತು, ಮುಖ್ಯವಾದದ್ದು ಈಗ. ಇಂದು ಬೆಳಿಗ್ಗೆ ಅಪ್ಪ ಹೇಳಿದರು: ‘ಅವನೇ ಬರ್ಲಿ. ನನ್ನೆದುರು ಹಿಡ್ಕಂಡು ತೋರಿಸ್ಲಿ. ಯಾವ ಕೈಲಿ ಹಿಡೀತಾನೋ ಆ ಕೈಗೆ ಕೆತ್ಲಿ, ನಾನು ಮಾತಾಡೂದಿಲ್ಲ.’ ಗುಡಿಗಾರರಿಗೂ ಹಾಗೇ ಹೇಳಿ ಕಳಿಸಿದ್ದಾರೆ, ನೀನು ಬರುವವರೆಗೆ ಮಣೆಗೆ ಉಳಿ ತಾಕುವುದಿಲ್ಲ. ಅಪ್ಪನ ಮುಖ ನೋಡಿ ಬಲಗೈ ಚಾಚಿದೆಯೋ, ಬೀಟೆ ಬಲಗೈಗೇ ಹೋಯಿತು, ಜನವರಿಯ ಪಂದ್ಯವೂ ಹೋಯಿತು. ಇದರಲ್ಲಿ ನಾನು ನಿನಗಾಗಿ ಹೇಳಬಹುದಾದದ್ದು ಮುಗಿಯಿತು. ಅಪ್ಪನನ್ನು ನೋಡಬೇಡ, ನನ್ನನ್ನು ನೋಡು, ನಿನ್ನ ಎಡಕ್ಕೇ ನಿಂತಿರುತ್ತೇನೆ. ರೈಲು ಇಳಿದವನು ನೇರ ಅಲ್ಲಿಗೇ ಬಾ: ವೆಂಕಟ್ರಮಣ ಗುಡಿಗಾರರ ಜಗಲಿ, ಡಿಸೆಂಬರ್ ಹತ್ತು, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ.