ಕಟ್ಟಲಾಯಿತು

ಮಾರ್ಚ್ 3, ಸೋಮವಾರ. ಸಂಜೆ 7.45

ಗೋ, ವೆಂಟ್, ಗಾನ್. ಟೇಕ್, ಟುಕ್, ಟೇಕನ್. ಪುಟ್, ಪುಟ್, ಪುಟ್ — ಇದೊಂದು ಒಳ್ಳೆಯದು, ಮೂರು ಕಡೆಯೂ ಒಂದೇ ಮುಖ. ಹತ್ತತ್ತು ಸಲ ಬರೆದೆ. ಬೆರಳಲ್ಲಿ ಇನ್ನೂ ಲಾಂಡ್ರಿಯ ಬಿಸಿ ಇದೆ, ಪೆನ್ನು ಜಾರುತ್ತದೆ.

ಇಂಗ್ಲಿಷ್ ಕ್ಲಾಸಿಗೆ ಸೇರಿ ಆರು ವಾರ. ಟೈರ್ ಅಂಗಡಿಯ ಮೇಲಿನ ಕೋಣೆ. ಹನ್ನೊಂದು ಕುರ್ಚಿ, ಒಂದು ಬೋರ್ಡು, ರಬ್ಬರ್ ವಾಸನೆ. ಸೇರು ಅಂದಿದ್ದು ಲಾಂಡ್ರಿಯ ಸೂಪರ್‌ವೈಸರ್. "ಶಿಫ್ಟ್ ಇನ್‌ಚಾರ್ಜ್ ಆಗ್ಬೇಕಂದ್ರೆ ರಿಪೋರ್ಟ್ ಓದೋಕೆ ಬರ್ಬೇಕಮ್ಮ. ಮೇಷ್ಟ್ರು ನಮಗೆ ಬೇಕಾದೋರು, ನಾನು ಹೇಳ್ತೀನಿ." ಹದಿನಾಲ್ಕು ವರ್ಷ "ಏಯ್" ಅಂದವರ ಬಾಯಲ್ಲಿ ಈಗ "ಅಮ್ಮ". ಯಾಕೋ...

ಅತ್ತೆಗೆ ಹೇಳಿದರೆ, "ಬೆಣ್ಣೆ ಹಚ್ತಿದಾನೆ ಅಂದ್ರೆ ಹುಷಾರಾಗಿರು, ಜಾರೋದು ನೀನೇ" ಅಂದರು.

ಇವತ್ತಿನ ಪಾಠ ಫ್ರೇಸ್. ಮೇಷ್ಟ್ರು ಬೋರ್ಡಿನ ಮೇಲೆ ಬರೆದರು: ಹ್ಯಾವಿಂಗ್ ಈಟನ್, ಹಿ ಸ್ಲೆಪ್ಟ್. ಉಂಡು ಮಲಗಿದ.

"ಮಲಗಿದ್ದು ಯಾರು?"

ಅವನು.

"ಉಂಡಿದ್ದು?"

ಹೊಲಿಗೆ ಅಂಗಡಿಯ ಹುಡುಗಿ ಮೆಲ್ಲಗೆ, "ಅವನೇ ಅಲ್ವಾ ಸಾರ್. ಹಸ್ಕೊಂಡ್ರೆ ನಿದ್ದೆ ಎಲ್ಲಿ ಬರುತ್ತೆ?" ಅಂದಳು. ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. "ಸರಿ. 'ಹ್ಯಾವಿಂಗ್ ಈಟನ್' ಅನ್ನೋ ಈ ಫ್ರೇಸ್ ಬಾಡಿಗೆ ಮನೇಲಿರೋನ ಹಾಗೆ. ತನ್ನದು ಅಂತ ಕರ್ತೃ ಇಲ್ಲ. ಪಕ್ಕದ ವಾಕ್ಯದ ಕರ್ತೃನೇ ಇದಕ್ಕೂ ಯಜಮಾನ. ಒಬ್ಬ ಉಂಡು ಇನ್ನೊಬ್ಬ ಮಲಗಿದ್ರೆ ಹೀಗೆ ಬರೀಬಾರ್ದು. ಬರೆದ್ರೆ ಅದು ಸುಳ್ಳು."

ಚೆನ್ನಾಗಿ ಹೇಳುತ್ತಾರೆ. ಮನುಷ್ಯ ಗಟ್ಟಿ.

ಮಾರ್ಚ್ 6, ಗುರುವಾರ. ಮಧ್ಯಾಹ್ನ, ಊಟದ ಹೊತ್ತು

ಹೋಟೆಲಿನ ಶೀಟು ಮುನ್ನೂರು. ಸಂಜೆಯೊಳಗೆ ಇಸ್ತ್ರಿ ಆಗಿ ವ್ಯಾನ್ ಹತ್ತಬೇಕು. ಶೀಟು ಒತ್ತುವ ಎರಡನೇ ಬಿಸಿ ರೋಲರಿನ ಅಡ್ಡ ಕಂಬಿಯ ಕಾಟ ಬೇರೆ. ರೋಲರಿನ ಬಾಯಿಯ ಮುಂದೆ ಇರುವ ಕಂಬಿ — ಬೆರಳು ತಗುಲಿದರೆ ರೋಲರ್ ನಿಲ್ಲಲಿ ಅಂತ ಇಟ್ಟಿದ್ದು. ಈಗ ಬಟ್ಟೆಯ ಮಡಿಕೆ ತಗುಲಿದರೂ ನಿಲ್ಲುತ್ತದೆ. ಹತ್ತು ಶೀಟಿಗೆ ನಾಲ್ಕು ಸಲ. ಸೂಪರ್‌ವೈಸರ್ ಎರಡು ಸಲ ಬಂದು ಕೂಗಾಡಿ ಹೋದರು. ಮೂರನೇ ಸಲ ಬಂದಾಗ ಕಂಬಿ ಏಳದಂತೆ ತಂತಿಯಿಂದ ಕಟ್ಟಲಾಯಿತು. ಆಮೇಲೆ ಕೆಲಸ ಸರಾಗ.

ರೋಲರಿನಲ್ಲಿ ನನ್ನ ಜೊತೆಗಾತಿ ಹಾಡುಗಾರ್ತಿ. ಕೆಲಸ ಮಾಡುವಾಗ ಬಾಯಲ್ಲಿ ಸದಾ ಗುನುಗು, ಅದಕ್ಕೇ ಆ ಹೆಸರು. ಎಂಟು ವರ್ಷದಿಂದ ಒಂದೇ ಶೀಟಿನ ಎರಡು ತುದಿ ನಾವಿಬ್ಬರು. ಕಟ್ಟುವಾಗ ಅವಳು ನೀರು ಕುಡಿಯಲು ಹೋಗಿದ್ದಳು. ಬಂದವಳು ಏನೂ ಕೇಳಲಿಲ್ಲ.

ಸಂಜೆ ಕ್ಲಾಸಿಗೆ ಹೋಗಲಾಗುವುದಿಲ್ಲ.

ಮಾರ್ಚ್ 7, ಶುಕ್ರವಾರ

ಹಾಡುಗಾರ್ತಿಯ ಬಲಗೈ ರೋಲರಿಗೆ ಸಿಕ್ಕಿತು. ಹತ್ತೂ ಇಪ್ಪತ್ತಕ್ಕೆ. ಕೆಂಪು ಗುಂಡಿ ಒತ್ತಿದ್ದು ನಾನು. ಅಷ್ಟರಲ್ಲಿ ಮಣಿಕಟ್ಟಿನವರೆಗೆ...

ಆಗುವುದಿಲ್ಲ.

ಮಾರ್ಚ್ 12, ಬುಧವಾರ. ಸಂಜೆ 6

ಶನಿವಾರ ಹೋದಾಗ ಕಂಬಿಯಲ್ಲಿ ತಂತಿ ಇರಲಿಲ್ಲ. ಚೂರೂ ಇಲ್ಲ. ಯಾರು ಬಿಚ್ಚಿದರು, ಯಾವಾಗ? ಕೇಳಿದರೆ ಎಲ್ಲರೂ ನೆಲ ನೋಡುತ್ತಾರೆ. ಆದರೆ ತಂತಿ ಉಜ್ಜಿದ ಗುರುತು ಕಂಬಿಯ ಮೇಲೆ ಹಾಗೇ ಇದೆ. ಅದನ್ನು ಬಿಚ್ಚುವುದು ಹೇಗೆ!

ಇವತ್ತು ಸೂಪರ್‌ವೈಸರ್ ತಮ್ಮ ಕೋಣೆಗೆ ಕರೆದರು. ಕುರ್ಚಿ ಕೊಟ್ಟರು. ಚಹಾ ತರಿಸಿದರು. ಹದಿನಾಲ್ಕು ವರ್ಷದಲ್ಲಿ ಆ ಕುರ್ಚಿಯಲ್ಲಿ ಕೂತಿದ್ದು ಇದೇ ಮೊದಲು. ಆಮೇಲೆ ಒಂದು ಕಾಗದ ಮುಂದೆ ತಳ್ಳಿದರು. ಇಂಗ್ಲಿಷ್, ಏಳು ವಾಕ್ಯ. ಕೆಳಗೆ ನನ್ನ ಹೆಸರು, ಸಾಕ್ಷಿ ಅಂತ.

"ಮುಂದಿನ ವಾರ ಇನ್‌ಸ್ಪೆಕ್ಷನ್ ಆಫೀಸರ್ ಬರ್ತಾರೆ. ಆಕ್ಸಿಡೆಂಟ್ ಆಯ್ತು, ನೀನು ನೋಡ್ದೆ, ಇಷ್ಟೇ ಬರ್ದಿರೋದು. ಯಾರ ಹೆಸರೂ ಇಲ್ಲಮ್ಮ. ನಂದೂ ಇಲ್ಲ, ನಿಂದೂ ಇಲ್ಲ."

'ನಿಂದೂ' ಅನ್ನುವಾಗ ನನ್ನನ್ನೇ ನೋಡಿದರು.

"ನಾಳೆ ಓದಿ ಹಾಕ್ತೀನಿ ಸಾರ್."

"ಓದೋಕೇನಿದೆ ಅದ್ರಲ್ಲಿ?"

"ಸ್ಪೆಲ್ಲಿಂಗ್ ನೋಡ್ತೀನಿ."

ಜೋರಾಗಿ ನಕ್ಕರು. ಕಾಗದವನ್ನು ಮಾತ್ರ ತಮ್ಮ ಕಡೆ ಎಳೆದುಕೊಂಡರು. ಅಷ್ಟರಲ್ಲಿ ಫೋನ್ ಬಂತು, ಕಿಟಕಿಯತ್ತ ತಿರುಗಿದರು. ನಾಲ್ಕನೇ ವಾಕ್ಯವನ್ನು ಬಟ್ಟೆ ಚೀಟಿಯ ಹಿಂಬದಿಗೆ ಇಳಿಸಿಕೊಂಡೆ. ಒಂದೊಂದೇ ಅಕ್ಷರ, ಕಳ್ಳಿಯ ಹಾಗೆ.

ಹ್ಯಾವಿಂಗ್ ಟೈಡ್ ಅಪ್ ದ ಗಾರ್ಡ್ ಬಾರ್, ದ ಆಪರೇಟರ್ ಫೆಡ್ ದ ಶೀಟ್ ವಿದೌಟ್ ಡ್ಯೂ ಕೇರ್.

ಬಸ್ಸಿನಲ್ಲಿ ಐದು ಸಲ ಓದಿದೆ. ಕಂಬಿ ಕಟ್ಟಿ, ಆಪರೇಟರ್ ಎಚ್ಚರಿಕೆಯಿಲ್ಲದೆ ಶೀಟು ಹಾಕಿದಳು. ಆಪರೇಟರ್ ಅಂದರೆ ಹಾಡುಗಾರ್ತಿ. ಶೀಟು ಹಾಕಿದ್ದು ಅವಳು. ಹಾಗಾದರೆ ಕಟ್ಟಿದ್ದು? ಉಂಡಿದ್ದು ಯಾರು, ಮಲಗಿದ್ದು ಯಾರು...

ಹೆಸರಿಲ್ಲವಂತೆ. ಹೆಸರು ಯಾಕೆ ಬೇಕು? ಒಂದು ಕಾಮಾ ಸಾಕಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಮಾರ್ಚ್ 13, ಗುರುವಾರ. ರಾತ್ರಿ 8

ಕ್ಲಾಸಿಗೆ ಹತ್ತು ನಿಮಿಷ ಮುಂಚೆ ಹೋದೆ. ಮೇಷ್ಟ್ರು ಒಬ್ಬರೇ ಇದ್ದರು, ಬೋರ್ಡ್ ಒರೆಸುತ್ತಿದ್ದರು. ಚೀಟಿ ಕೊಟ್ಟೆ. ಎಲ್ಲಿಂದ ಬಂತು ಅಂತ ಹೇಳಲಿಲ್ಲ.

ಓದಿದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ವ್ಯಾಕರಣ ಸರಿಯಾಗಿದೆ."

"ಕಟ್ಟಿದ್ದು ಯಾರು ಅಂತಾಗುತ್ತೆ ಸಾರ್?"

"ಆಪರೇಟರ್."

"ಅವಳು ಕಟ್ಟಿಲ್ಲ ಅಂದ್ರೆ?"

"ನಿಜ ಏನು ಅನ್ನೋದು ವ್ಯಾಕರಣದ ಕೆಲಸ ಅಲ್ಲಮ್ಮ." ಚೀಟಿ ತಿರುಗಿಸಿ ನೋಡಿದರು. "ಮುಂದಿನ ಮೂರು ವಾಕ್ಯ ಬರ್ಕೊಂಡಿಲ್ವಾ?"

ಇಲ್ಲ ಅಂದೆ. ಉಳಿದವರು ಬಂದರು. ಪಾಠ ಇಪ್ಪತ್ತು ನಿಮಿಷ ಮುಂಚೆಯೇ ಮುಗಿಯಿತು. ಏಳು ವಾರದಲ್ಲಿ ಹಾಗೆ ಆಗಿರಲಿಲ್ಲ.

ಮೆಟ್ಟಿಲಿಳಿದು ಟೈರುಗಳ ಮುಂದೆ ಬಂದಾಗ ಹೊಳೆಯಿತು. ಮುಂದೆ ಮೂರು ವಾಕ್ಯ ಇದೆ ಅಂತ ಅವರಿಗೆ ಹೇಗೆ ಗೊತ್ತು? ನಾನು ತೋರಿಸಿದ್ದು ಒಂದೇ.

ಮಾರ್ಚ್ 14, ಶುಕ್ರವಾರ. ಬೆಳಿಗ್ಗೆ 6

ಎಲ್ಲರ ಮೇಲೂ ಅನುಮಾನ. ಸೂಪರ್‌ವೈಸರ್, ಮೇಷ್ಟ್ರು. ಗೇಟಿನವನು ನಿನ್ನೆ ಎದ್ದು ನಿಂತು ನಮಸ್ಕಾರ ಹೇಳಿದ — ಅವನ ಮೇಲೂ. ಹಾಡುಗಾರ್ತಿಯನ್ನು ನೋಡಲು ಆಸ್ಪತ್ರೆಗೆ ಒಂದು ಸಲ ಹೋಗಿದ್ದೆ. ಕಣ್ಣು ಮುಚ್ಚಿಕೊಂಡಿದ್ದಳು. ನಿಜವಾಗಿ ನಿದ್ದೆಯೋ, ನನ್ನನ್ನು ನೋಡಿ ಮುಚ್ಚಿಕೊಂಡಳೋ...

ನಮ್ಮ ಯಜಮಾನರು ಸಲೂನಿನ ಕೆಲಸಕ್ಕೆ ಹೊರಡುತ್ತ ಹೇಳಿದರು: "ಸಹಿ ಹಾಕಿ ಕೈ ತೊಳ್ಕೋ. ಅವಳ ಕೈಯಂತೂ ಹೋಯ್ತು, ನಿನ್ನ ಕೆಲಸ ಯಾಕೆ ಕಳ್ಕೋತೀಯಾ? ಆ ಸೂಪರ್‌ವೈಸರ್ ತಪ್ಪು ಮಾಡಿದ್ರೆ ಅವನು ಅನುಭವಿಸ್ತಾನೆ."

ಅತ್ತೆ ಗೋಡೆಗೊರಗಿ ಕೂತಿದ್ದರು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ" ಅಂದರು. ಯಾರಿಗೆ ಅಂದಿದ್ದು? ಕೂದಲು ಸರಿ ಮಾಡಿಕೊಳ್ಳಲು ಎತ್ತಿದ ನನ್ನ ಕೈ ಹೆಗಲ ಹತ್ತಿರವೇ ನಿಂತಿತು.

ಮಾರ್ಚ್ 17, ಸೋಮವಾರ. ರಾತ್ರಿ 8.10

ಕ್ಲಾಸ್ ಮುಗಿದ ಮೇಲೆ ಕುರ್ಚಿ ಬಿಟ್ಟು ಏಳಲಿಲ್ಲ.

"ಸಾರ್, ಆ ಕಾಗದ ಬರೆದೋರು ನೀವೇ."

ಬಾಗಿಲು ನೋಡಿದರು. ಎದ್ದು ಹೋಗಿ ಮುಚ್ಚಿ ಬಂದರು. ಅಲ್ಲಗಳೆಯಲಿಲ್ಲ.

"ಲಾಂಡ್ರಿಯ ಪತ್ರಗಳನ್ನೆಲ್ಲ ಎಷ್ಟೋ ವರ್ಷದಿಂದ ಬರ್ಕೊಡ್ತಿದೀನಿ. ಅವರು ಕನ್ನಡದಲ್ಲಿ ಹೇಳ್ತಾರೆ, ನಾನು ಇಂಗ್ಲಿಷಿಗೆ ಹಾಕ್ತೀನಿ. ಮೊದಲು ನಾನು ಬರೆದಿದ್ದು 'ದ ಗಾರ್ಡ್ ಬಾರ್ ಹ್ಯಾಡ್ ಬೀನ್ ಟೈಡ್ ಅಪ್' ಅಂತ. ಕಂಬಿ ಕಟ್ಟಲ್ಪಟ್ಟಿತ್ತು. ಆಫೀಸರ್ 'ಯಾರಿಂದ' ಅಂತ ಕೇಳ್ತಾರೆ, ಬದಲಾಯಿಸಿ ಅಂದ್ರು. ಬದಲಾಯಿಸ್ದೆ."

"ಒಬ್ಬ ಉಂಡು ಇನ್ನೊಬ್ಬ ಮಲಗಿದ್ರೆ ಸುಳ್ಳು ಅಂತ ನೀವೇ ಹೇಳಿದ್ರಿ ಸಾರ್."

"ಹೇಳ್ದೆ." ಸೀಮೆಸುಣ್ಣದ ಚೂರನ್ನು ಬೆರಳಲ್ಲಿ ಉರುಳಿಸಿದರು. "ಕಟ್ಟಿದ್ದು ಯಾರು ಅಂತ ನಾನು ಅವರನ್ನ ಕೇಳ್ಲಿಲ್ಲ. ಕೇಳ್ಬೇಕಿತ್ತು. ಈಗ ನಿನ್ನನ್ನ ಕೇಳ್ತೀನಿ. ನೀನು ಅಲ್ಲೇ ಇದ್ದೆಯಲ್ಲ. ಯಾರಮ್ಮ ಕಟ್ಟಿದ್ದು?"

ಬ್ಯಾಗ್ ತೆಗೆದುಕೊಂಡು ಬಂದುಬಿಟ್ಟೆ.

ಮಾರ್ಚ್ 18, ಮಂಗಳವಾರ. ಬೆಳಿಗ್ಗೆ 5.30

ಈ ಪುಸ್ತಕವನ್ನೇ ಹಿಂದಕ್ಕೆ ತಿರುಗಿಸಿದೆ. ಮಾರ್ಚ್ 6. "ತಂತಿಯಿಂದ ಕಟ್ಟಲಾಯಿತು."

ನಮ್ಮ ಮನೆಯಲ್ಲಿ ಯಾರಾದರೂ ಹೀಗೆ ಮಾತಾಡುತ್ತಾರಾ? ಚಹಾ ಕುಡಿಯಲಾಯಿತು, ಪಾತ್ರೆ ತೊಳೆಯಲಾಯಿತು ಅಂತ? ಸರ್ಕಾರಿ ನೋಟಿಸಿನ ಭಾಷೆ ಅದು. ಯಾರೂ ಓದದ ನನ್ನದೇ ಪುಸ್ತಕದಲ್ಲಿ, ಅಪಘಾತಕ್ಕೆ ಒಂದು ದಿನ ಮುಂಚೆಯೇ, ನಾನು ಹಾಗೆ ಬರೆದಿದ್ದೇನೆ. ಅಂದರೆ ಆಗಲೇ ಗೊತ್ತಿತ್ತು, ಅದು ತಪ್ಪು ಅಂತ.

ಬರೆಯುತ್ತೇನೆ. ಸೂಪರ್‌ವೈಸರ್ ಅಂದರು, "ನಿನ್ನ ಕೈ ಸಣ್ಣದು, ನೀನೇ ಕಟ್ಟಮ್ಮ. ನಾಳೆ ಇನ್‌ಚಾರ್ಜ್ ಆಗೋಳು, ಇಷ್ಟೂ ಆಗಲ್ವಾ?" ತಂತಿ ತಂದೆ. ಎರಡು ಸುತ್ತು ಸುತ್ತಿದೆ. ಇಕ್ಕಳದಿಂದ ತಿರುಚಿದೆ. ಕಟ್ಟಿದ್ದು ನಾನು. ಸಂಜೆ ಬಿಚ್ಚಬೇಕು ಅಂದುಕೊಂಡೆ. ವ್ಯಾನ್ ಹೊರಟಿತು, ಕೈ ತೊಳೆದೆ, ಮನೆಗೆ ಬಂದೆ. ಬಿಚ್ಚಲಿಲ್ಲ.

ಹತ್ತು ದಿನ ಊರವರನ್ನೆಲ್ಲ ಅನುಮಾನಿಸಿದೆ. ಒಬ್ಬಳನ್ನು ಬಿಟ್ಟು.

ಮಾರ್ಚ್ 19, ಬುಧವಾರ. ಸಂಜೆ 5

ಆಫೀಸರ್ ಹೆಂಗಸು. ನರೆಗೂದಲು, ದೊಡ್ಡ ಬ್ಯಾಗು. ಮೊದಲು ರೋಲರಿನ ಹತ್ತಿರ ಹೋಗಿ ಕಂಬಿಯ ಗುರುತಿನ ಮೇಲೆ ಉಗುರಾಡಿಸಿದರು. ಆಮೇಲೆ ನನ್ನನ್ನು ಕರೆದರು. ಸೂಪರ್‌ವೈಸರ್ ಪಕ್ಕದಲ್ಲೇ ಇದ್ದರು, ಪೆನ್ನಿನ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟರು.

"ಸಹಿ ಹಾಕಲ್ಲ ಮೇಡಂ. ನಾಲ್ಕನೇ ವಾಕ್ಯದ ಕರ್ತೃ ತಪ್ಪಿದೆ."

"ಏನು ತಪ್ಪಿದೆ?"

"'ಹ್ಯಾವಿಂಗ್ ಟೈಡ್' ಅಂತ ಶುರು ಮಾಡಿ 'ಆಪರೇಟರ್' ಅಂದಿದಾರೆ. ಹಾಗಂದ್ರೆ ಕಂಬಿ ಕಟ್ಟಿದ್ದು ಅವಳೇ ಅಂತಾಗುತ್ತೆ. ಅವಳು ಕಟ್ಟಿಲ್ಲ."

ಸೂಪರ್‌ವೈಸರ್ ಮುಂದೆ ಬಂದರು. "ಮೇಡಂ, ಇವಳಿಗೆ ಇಂಗ್ಲಿಷ್ ಎಲ್ಲಿ ಬರುತ್ತೆ..."

"ನೀವೇ ಅಲ್ವಾ ಸಾರ್ ಕ್ಲಾಸಿಗೆ ಕಳಿಸಿದ್ದು?"

ಬಾಗಿಲ ಹತ್ತಿರ ಯಾರೋ ಕಿಸಕ್ಕೆಂದರು. ಆಫೀಸರ್ ನಗಲಿಲ್ಲ. ಖಾಲಿ ಹಾಳೆ ಕೊಟ್ಟರು. "ಸರಿಯಾದ್ದನ್ನ ನೀನೇ ಬರಿ."

ಮೊದಲ ವಾಕ್ಯ: ಐ ಟೈಡ್ ದ ಬಾರ್. ಎರಡನೆಯದು: ದ ಸೂಪರ್‌ವೈಸರ್ ಟೋಲ್ಡ್ ಮಿ ಟು ಟೈ ಇಟ್. ಮೂರನೆಯದು: ಐ ಡಿಡ್ ನಾಟ್ ಅನ್‌ಟೈ ಇಟ್. 'ಅನ್‌ಟೈಡ್' ಅಂತ ಬರೆದಿದ್ದೆ, ಡಿಡ್ ಬಂದ ಮೇಲೆ ಮೂಲ ರೂಪವೇ ಬರಬೇಕು ಅಂತ ನೆನಪಾಗಿ ಕೊನೆಯ ಅಕ್ಷರ ಹೊಡೆದುಹಾಕಿದೆ. ಇಂಥ ಹೊತ್ತಿನಲ್ಲಿ ಅದು ನೆನಪಾಗಬೇಕೇ!

ಆಫೀಸರ್ ಓದಿ, "ಇದು ನಿನಗೂ ಸುತ್ತಿಕೊಳ್ಳುತ್ತೆ, ಗೊತ್ತಲ್ಲ?" ಅಂದರು.

"ಗೊತ್ತು ಮೇಡಂ."

ಏಪ್ರಿಲ್ 6, ಭಾನುವಾರ. ಸಂಜೆ 6

ಸೂಪರ್‌ವೈಸರ್ ಸಸ್ಪೆಂಡ್ ಆಗಿ ಎರಡು ವಾರ. ಕಾಗದದಿಂದ ಹಾಡುಗಾರ್ತಿಯ ತಪ್ಪು ತೆಗೆದರು. ನನಗೆ ವಾರ್ನಿಂಗ್ ಲೆಟರ್ ಕೊಟ್ಟು, ಒದ್ದೆ ಬಟ್ಟೆ ಹಿಂಡುವ ಕಡೆಗೆ ಹಾಕಿದ್ದಾರೆ. ಇನ್‌ಚಾರ್ಜ್ ಮಾತು ಮುಗಿಯಿತು. ಯಜಮಾನರು ಮೂರು ದಿನ ಮಾತು ಬಿಟ್ಟಿದ್ದರು. ಅತ್ತೆ ಮಾತ್ರ, "ಒದ್ದೆ ಬಟ್ಟೆ ಆದ್ರೇನು, ಸುಡಲ್ವಲ್ಲ" ಅಂದರು. ಮೇಷ್ಟ್ರು ಲಾಂಡ್ರಿಯ ಪತ್ರ ಬರೆಯುವುದನ್ನು ಬಿಟ್ಟರಂತೆ. ಅವರು ಹೇಳಿದ್ದು. ನಂಬಬೇಕೋ ಬೇಡವೋ ಇನ್ನೂ ತೀರ್ಮಾನಿಸಿಲ್ಲ. ಕ್ಲಾಸಿಗೆ ಹೋಗುತ್ತಿದ್ದೇನೆ.

ಇವತ್ತು ಹಾಡುಗಾರ್ತಿಯ ಮನೆಗೆ ಹೋದೆ. ಎರಡನೇ ಮಹಡಿ. ಬಾಗಿಲು ಅವಳೇ ತೆಗೆದಳು, ಎಡಗೈಯಲ್ಲಿ. ಬಲಗೈ ಬಿಳಿ ಬಟ್ಟೆಯೊಳಗೆ, ಎದೆಗೆ ಒತ್ತಿಕೊಂಡಿತ್ತು. ಕೂರು ಅನ್ನಲಿಲ್ಲ. ನಿಂತೇ ಹೇಳಿದೆ.

"ಕಟ್ಟಿದ್ದು ನಾನು ಕಣೇ."

"ಗೊತ್ತು. ನೀರು ಕುಡಿದು ಬರ್ತಾ ಬಾಗಿಲಲ್ಲಿ ನಿಂತು ನೋಡ್ದೆ."

"ನೋಡಿದ್ಯಾ? ಮತ್ತೆ ಯಾರಿಗೂ ಯಾಕೆ ಹೇಳ್ಲಿಲ್ಲ?"

"ನೀನು ಹೇಳ್ತೀಯಾ ಇಲ್ವಾ ನೋಡೋಣ ಅಂತ. ಆಸ್ಪತ್ರೆಗೆ ಬಂದೆ, ಬಾಯಿ ಬಿಡ್ಲಿಲ್ಲ. ನಾನೇ ಕಣ್ಣು ಮುಚ್ಕೊಂಡೆ."

ಕೇಳಬಾರದಿತ್ತು, ಆದರೂ ಕೇಳಿದೆ. "ಕಟ್ಟಿದೆ ಅಂತ ಗೊತ್ತಿದ್ದೂ ಬೆಳಿಗ್ಗೆ ಕೈ ಅಷ್ಟು ಮುಂದೆ ಯಾಕೆ ಒಯ್ದೆ?"

"ನೀನು ಬಿಚ್ಚಿರ್ತೀಯಾ ಅಂದ್ಕೊಂಡೆ."

ಅವಳು ಒಳಗೆ ಹೋದಳು. ಬಾಗಿಲು ಹಾಕುತ್ತಾಳೆ ಅಂದುಕೊಂಡೆ. ಹಾಕಲಿಲ್ಲ. ಒಂದು ಕವರ್ ತಂದು ನನ್ನ ಮುಂದೆ ಹಿಡಿದಳು. ಡಾಕ್ಟರ್ ಕೊಟ್ಟಿದ್ದು, ಇಂಗ್ಲಿಷ್. "ಮನೇಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಸಮಾಧಾನಕ್ಕೆ ಹೇಳ್ಬೇಡ. ಇರೋದನ್ನ ಓದು."

ಓದಿದೆ. ಕೊನೆಯ ಸಾಲು: ಶಿ ಮೇ ರಿಗೇನ್ ಸಮ್ ಯೂಸ್ ಆಫ್ ದ ಹ್ಯಾಂಡ್.

"ಕೈ ಸ್ವಲ್ಪ ಮಟ್ಟಿಗೆ ಬರಬಹುದು ಅಂತ."

"ಬರುತ್ತೆ ಅಂತ ಇಲ್ವಾ?"

"ಇಲ್ಲ. ಅದಕ್ಕೆ 'ವಿಲ್' ಬೇಕು. ಇಲ್ಲಿರೋದು 'ಮೇ'."

"ಹಾಗಂದ್ರೆ ಬರದೆಯೂ ಇರಬಹುದು."

ಹೂಂ ಅಂದೆ. ಕಾಗದ ವಾಪಸ್ ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ. ಬಾಗಿಲಿನಿಂದ ಪಕ್ಕಕ್ಕೆ ಸರಿದು, "ಮೊದಲಿಂದ ಇನ್ನೊಂದು ಸಲ ಓದು, ನಿಧಾನವಾಗಿ, ಒಳಗೆ ಬಂದು" ಅಂದಳು.