ಮೂರು ಅಲಾರಂ, ಒಂದು ಗೋಡೆ

ಮೇಲ್ಮಹಡಿ ಮನೆ, ಹೊಲಿಗೆ ಯಂತ್ರದ ಪಕ್ಕ
ಹದಿನೇಳನೇ ತಾರೀಖು, ಬುಧವಾರ
(ಕಿಟಕಿಗಳೆಲ್ಲ ತೆರೆದಿವೆ)

ನನ್ನ ಮನೆಯೊಡತಿಗೆ,

ಹೇಗಿದ್ದೀಯಾ? ತಲೆನೋವು ಪೂರ್ತಿ ಬಿಟ್ಟಿತೇ? ನಮ್ಮ ಗುಬ್ಬಿ ಬೆಳಿಗ್ಗೆ ತಾನಾಗಿ ಏಳುತ್ತಾಳಾ, ಇಲ್ಲಿದ್ದ ಹಾಗೆ ಮಗಳನ್ನು ಮೂರು ಸಲ ಕೂಗಬೇಕಾ? ನಿಮ್ಮಣ್ಣನ ಮೊಣಕಾಲು ಮಡಚುತ್ತಿದೆಯೇ? ನಾನು ಚೆನ್ನಾಗಿದ್ದೇನೆ. ಹಾಗೆ ಬರೆಯದಿದ್ದರೆ ನೀನು ಮುಂದಿನ ಸಾಲು ಓದುವುದೇ ಇಲ್ಲ, ಗೊತ್ತು.

ಈಗ ರಾಜ್ಯಭಾರದ ವರದಿ. ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ ಗುಬ್ಬಿ ಮಂಚದಿಂದ ಹಾಗೇ ಕುಸಿದು ಬಿದ್ದ ಮೇಲೆ, ಡಾಕ್ಟರು "ಮನೆಯ ಗಾಳಿ ಸರಿಯಿಲ್ಲ" ಅಂದ ಮೇಲೆ, ನೀನು ಅವಳ ಕೈಹಿಡಿದು ಅಣ್ಣನ ಮನೆಗೆ ಹೊರಟೆಯಲ್ಲ, ಹೊಸ್ತಿಲ ಮೇಲೆ ನಿಂತು ಹೊರಡಿಸಿದ ಆಜ್ಞೆ ನನಗೆ ಬಾಯಿಪಾಠ: "ರೀ, ಹೊಗೆಗೊಂದು, ಬಿಸಿಗೊಂದು, ಆ ವಿಷಗಾಳಿಗೊಂದು, ಮೂರು ಅಲಾರಂ ಹಾಕಿ. ಮೂರೂ ಸುಮ್ಮನಿದ್ರೆ ಕಾಗದ ಬರೀರಿ, ಬರ್ತೀನಿ." ಮೊದಲ ಮೂರು ತಿಂಗಳು ನನ್ನ ಹಠಕ್ಕೆ ಖರ್ಚಾದವು. ನಾಲ್ಕನೇ ತಿಂಗಳು ಮೂರನ್ನೂ ಕೊಂಡು ತಂದೆ. ಹಾಕುವುದಕ್ಕೆ ಆಳು ಕಳಿಸುತ್ತೇವೆ ಅಂದರು ಅಂಗಡಿಯವರು. ಇಪ್ಪತ್ತೆರಡು ವರ್ಷ ಊರಿನವರ ಸೊಂಟ ಅಳೆದವನ ಮನೆಗೆ ಬೇರೊಬ್ಬ ಬಂದು ಟೇಪು ಹಿಡಿಯುವುದೇ? ಸೀಮೆಸುಣ್ಣ ಕಿವಿಗೆ ಸಿಕ್ಕಿಸಿಕೊಂಡು ನಾನೇ ಸ್ಟೂಲು ಹತ್ತಿದೆ.

ಹೊಗೆಯದನ್ನು, ವೃತ್ತಿಗೌರವದ ದೃಷ್ಟಿಯಿಂದ, ಇಸ್ತ್ರಿ ಮೇಜಿನ ನೆತ್ತಿಯ ಮೇಲೆ ಸ್ಥಾಪಿಸಿದೆ. ಮಾರನೇ ದಿನ ಒದ್ದೆ ಬಟ್ಟೆ ಹಾಸಿ ಕಾಲರ್ ಒತ್ತಿದ್ದೇ ತಡ, ಆವಿಗೇ ಬಾಯಿ ಬಡಿದುಕೊಳ್ಳತೊಡಗಿತು. ಪ್ಯಾಂಟಿನ ಅಳತೆಗೆ ನಿಂತಿದ್ದ ಅಂಚೆ ಕಚೇರಿಯ ಗುಮಾಸ್ತರು ಸೊಂಟದಲ್ಲಿ ನನ್ನ ಟೇಪಿನ ಸಮೇತ ಬೀದಿಗೆ ಓಡಿದರು. ಹಿಂದೆಯೇ ಓಡಿದ ನನಗೆ, "ಪ್ಯಾಂಟ್ ಹೊಲಿಸೋಕೆ ಬಂದಿದ್ದು ಸ್ವಾಮಿ, ಸಾಯೋಕಲ್ಲ!" ಎಂದು ಬೈಗುಳ ಬೇರೆ. ಅದನ್ನೀಗ ನಡುಮನೆಗೆ ವರ್ಗ ಮಾಡಿದ್ದೇನೆ. ಬಿಸಿಯದು ಅಡುಗೆಮನೆಯಲ್ಲಿದೆ. ಅದರದು ಥೇಟ್ ನಿಮ್ಮಣ್ಣನ ಸ್ವಭಾವ. ಎಷ್ಟು ಹೊಗೆ ಹಾಕಿದರೂ ಜಗ್ಗುವುದಿಲ್ಲ, ತನಗೆ ಬಿಸಿ ತಟ್ಟಿದಾಗ ಮಾತ್ರ ಕೂಗುತ್ತದೆ.

ಮೂರನೆಯದು ಕಾರ್ಬನ್ ಮಾನಾಕ್ಸೈಡಿನದು. ಬಣ್ಣವಿಲ್ಲ, ವಾಸನೆಯಿಲ್ಲ, ಬಂದದ್ದೂ ತಿಳಿಯುವುದಿಲ್ಲ, ಅಂಥ ಅತಿಥಿಗೆ ಕಾವಲು. ಗುಬ್ಬಿಯ ಮಂಚದ ಪಕ್ಕ, ಅವಳು ಮಲಗಿದರೆ ಮೂಗು ಬರುವ ಎತ್ತರಕ್ಕೆ, ಮೊನ್ನೆ ಭಾನುವಾರ ಹಾಕಿದೆ. ಸೋಮವಾರ ಮಧ್ಯಾಹ್ನ ಮೂರಕ್ಕೆ ಅದು ಕೂಗಿತು. ನಾನು ಆರೋಪಿಯನ್ನು ತಕ್ಷಣ ಹಿಡಿದೆ: ಅಪ್ಪನ ಕಾಲದ ಕೆಂಡದ ಇಸ್ತ್ರಿಪೆಟ್ಟಿಗೆ. ಅದರ ಮೇಲೆ ನಿನಗೆ ಮೊದಲಿನಿಂದಲೂ ಅನುಮಾನ, ನನಗೆ ಮೊದಲಿನಿಂದಲೂ ಅಭಿಮಾನ. ಹೊತ್ತುಕೊಂಡು ಹೋಗಿ ಅಂಗಳದಲ್ಲಿಟ್ಟೆ. ಸತ್ಯ ಹೇಳುತ್ತೇನೆ, ಖುಷಿಯಾಗಿತ್ತು ಕಣೇ. ತಪ್ಪು ನನ್ನದು, ತಪ್ಪು ಅಂಗಳದಲ್ಲಿದೆ, ಇನ್ನು ನೀವಿಬ್ಬರೂ ಬರಬಹುದು ಅಂದುಕೊಂಡೆ. ಆಗಲೇ ಪರದೆ ಒಗೆದು ಹಾಕಿದೆ.

ಮಂಗಳವಾರ ಇಸ್ತ್ರಿಯಿಲ್ಲ, ಒಲೆಯಿಲ್ಲ, ಬೆಂಕಿಕಡ್ಡಿ ಕೂಡ ಗೀರಿಲ್ಲ. ಮಧ್ಯಾಹ್ನ ಮೂರಕ್ಕೆ ಮತ್ತೆ ಕೂಗಿತು. ಕೆಳಗಿನ ಬೇಕರಿಯಲ್ಲಿ ಸಂಜೆಯ ಬ್ರೆಡ್ಡಿಗೆ ಒಲೆ ಹೊತ್ತಿಸುವ ಸಮಯ. ಮಂಚ ಎಳೆದು ಗೋಡೆಗೆ ಅಂಗೈ ಇಟ್ಟೆ. ಬೆಚ್ಚಗಿತ್ತು. ಅವರ ಹೊಗೆಕೊಳವೆ ಈ ಗೋಡೆಯೊಳಗಿಂದಲೇ ಮೇಲೆ ಹೋಗುತ್ತದಂತೆ. ಗಾರೆಯಲ್ಲಿ ಒಂದು ಬಿರುಕು, ಟೇಪು ಹಿಡಿದು ನೋಡಿದೆ, ಒಂಬತ್ತು ಇಂಚು ಉದ್ದ, ಗುಂಡುಸೂಜಿ ಹೋಗುವಷ್ಟು ಅಗಲ. ಚಳಿಗೆ ಮಗು ಬೆಚ್ಚಗಿರಲಿ ಅಂತ ಮಂಚವನ್ನು ಆ ಗೋಡೆಗೆ ಒತ್ತಿ ಇಟ್ಟವನು ನಾನೇ. "ಇಡೀ ಮನೇಲಿ ಇದೇ ರಾಜಸ್ಥಾನ" ಅಂದವನೂ ನಾನೇ.

ಬೇಕರಿ ಯಜಮಾನರೇ ಮನೆಯ ಮಾಲೀಕರೂ ಆದದ್ದರಿಂದ ಒಂದೇ ಸಲಕ್ಕೆ ಇಬ್ಬರನ್ನೂ ಭೇಟಿ ಮಾಡಿದೆ. ಹಿಟ್ಟಿನ ಕೈ ಒರೆಸಿಕೊಂಡು ಪೂರ್ತಿ ಕೇಳಿದರು, ಪಾಪ. "ಹದಿನೆಂಟು ವರ್ಷದಿಂದ ಆ ಗೋಡೆ ಒಂದು ಮಾತಾಡಿಲ್ಲ ಟೇಲರ್ರೇ. ನೀವು ಡಬ್ಬಿ ಹಾಕಿದ ಮೇಲೇ ಶುರುವಾಗಿರೋದು. ಸೆಲ್ ತೆಗೀರಿ, ಸರಿಹೋಗುತ್ತೆ." ಕೊಳವೆ ಬದಲಿಸಬೇಕಾದರೆ ಒಲೆಯನ್ನೇ ಒಡೆಯಬೇಕು, ಅದು ಆಗದ ಮಾತು ಅಂದರು. ಹೊರಡುವಾಗ ಎರಡು ಬನ್ನು ಕಟ್ಟಿಕೊಟ್ಟರು. ತಿಂದೆ. ಚೆನ್ನಾಗಿದ್ದವು, ಅದೇ ಸಂಕಟ.

ನೀನು ತಲೆನೋವು ಎಂದಾಗಲೆಲ್ಲ ನಿಮ್ಮಪ್ಪನ ಕಡೆಯಿಂದ ಬಂದ ಆಸ್ತಿ ಅದು ಎಂದು ನಗಾಡಿದ್ದೆ. ಗುಬ್ಬಿ ಶಾಲೆಗೆ ಚಕ್ಕರ್ ಹೊಡೆಯಲು ನಾಟಕ ಆಡುತ್ತಾಳೆ ಎಂದೂ ಅಂದಿದ್ದೆ. ಈ ಎರಡು ಮಾತನ್ನು ಬಿಚ್ಚಿ ಹೊಲಿಯಲು ಬರುವ ಹಾಗಿದ್ದರೆ ಕೂತು ಒಂದೊಂದೇ ಹೊಲಿಗೆ ಬಿಚ್ಚುತ್ತಿದ್ದೆ.

ನಿಮ್ಮಣ್ಣನಿಗೆ, ಅತ್ತಿಗೆಗೆ ನಮಸ್ಕಾರ ಹೇಳು. ಗುಬ್ಬಿಯ ಎರಡೂ ಕೆನ್ನೆಗೆ ಒಂದೊಂದು ಮುತ್ತು, ಜಗಳವಾಗದ ಹಾಗೆ ಸಮನಾಗಿ.

ನಿನ್ನ,
ಟೇಲರ್ ಸಾಹೇಬ

ಮರೆತಿದ್ದೆ: ಭಾನುವಾರದ ಬಸ್ಸಿಗೆ ಸೀಟು ಹಿಡಿದಿದ್ದರೆ ಬಿಟ್ಟುಬಿಡು. ಬರಬೇಡ. ಇವತ್ತು ನಾನು ಕರೆಸಿದ ಅಗ್ನಿಶಾಮಕದ ಅಧಿಕಾರಿ ಗಾಳಿ ಅಳೆಯುವ ಯಂತ್ರ ಹಿಡಿದು ಬಂದು ನೋಡಿದರು. ಕೆಳಗೆ ಬೇಕರಿಗೆ ಗಾಳಿ ಚೆನ್ನಾಗಿ ಆಡುತ್ತದಂತೆ, ಅಪಾಯ ಇರುವುದು ಮೇಲಿನ ಮನೆಗೆ, ಆದ್ದರಿಂದ ಮೇಲಿನ ಮನೆ ಮುಚ್ಚಬೇಕಂತೆ. ಶನಿವಾರದೊಳಗೆ ಖಾಲಿ ಮಾಡಬೇಕು. ಎಂಟು ಮನೆ ಕೇಳಿದೆ, ಹೊಲಿಗೆ ಯಂತ್ರದ ಸದ್ದು ಯಾರಿಗೂ ಬೇಡ. ಗುಂಡಿ-ದಾರದ ಅಂಗಡಿಯವರು ಅಟ್ಟದಲ್ಲಿ ಜಾಗ ಕೊಡುತ್ತಾರೆ, ಯಂತ್ರ ಇಟ್ಟ ಮೇಲೆ ಒಬ್ಬ ಮಲಗಬಹುದು. ಗುಬ್ಬಿಯನ್ನು ಅಲ್ಲಿಯ ಶಾಲೆಗೇ ಸೇರಿಸಿಬಿಡು. ಯೂನಿಫಾರ್ಮ್ ಅಂಗಡಿಯಲ್ಲಿ ಕೊಳ್ಳಬೇಡ, ನಾನು ಹೊಲಿದು ಕಳಿಸುತ್ತೇನೆ. ಭುಜದಿಂದ ಮೊಣಕಾಲಿನವರೆಗೆ ಅಳೆದು ಬರೆ. ನನ್ನ ಪುಸ್ತಕದಲ್ಲಿರುವ ಅಳತೆ ನಾಲ್ಕು ತಿಂಗಳು ಹಳೆಯದು.